ಸಾಸಿವೆ ಡಬ್ಬಿ ಮತ್ತು ಪಾಸ್‌ಬುಕ್

8 ನವೆಂಬರ್ 2016, ಮಂಗಳವಾರ, ತಿಪಟೂರು

ರಾತ್ರಿ ಎಂಟಕ್ಕೆ ಪ್ರಧಾನಿಯವರು ಟಿ.ವಿ.ಯಲ್ಲಿ ಮಾತಾಡಿದರು. ನಡುರಾತ್ರಿಯಿಂದ 500, 1000ದ ಹಳೆ ನೋಟು ನಡೆಯುವುದಿಲ್ಲ. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕು. ಎದುರುಮನೆಯವರು ಆಗಲೇ ಸ್ಕೂಟರ್ ತೆಗೆದು ಪೆಟ್ರೋಲ್ ಬಂಕಿಗೆ ಹೊರಟರು. ನನ್ನ ಜೇಬಿನಲ್ಲಿದ್ದದ್ದು ಐನೂರರ ಮೂರು ನೋಟು. ‘ಯೋಚನೆಯೆಲ್ಲ ಇರುವವರಿಗೆ, ನಮಗೇನು’ ಎಂದೆ.

ಇವಳು ಅಡುಗೆಮನೆ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು. ‘ಮನೇಲಿ ಇಟ್ಕೊಂಡಿರೋ ನೋಟೂನಾ?’ ಎಂದಳು. ಹೌದು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದಳು. ತಟ್ಟೆಯಲ್ಲಿ ಕೈಯಾಡಿಸಿ ಎದ್ದಳು, ಉಣ್ಣಲಿಲ್ಲ.

10 ನವೆಂಬರ್, ಗುರುವಾರ

ಬ್ಯಾಂಕು ಇವತ್ತು ತೆರೆಯಿತು. ಸಾಲು ರಸ್ತೆಯ ತನಕ ಬಂದಿತ್ತು. ಗುರುತಿನ ಚೀಟಿಯ ಜೆರಾಕ್ಸ್ ಕೊಟ್ಟರೆ ಒಬ್ಬರಿಗೆ 4,000ದವರೆಗೆ ಬದಲಾಯಿಸಿ ಕೊಡುತ್ತಾರೆ. ಸ್ಟಾಫ್ ರೂಮಿನಲ್ಲೂ ಇದೇ ಮಾತು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ತೆರಿಗೆಯವರು ವಿಚಾರಣೆ ಮಾಡುವುದಿಲ್ಲವೆಂದು ಸರ್ಕಾರ ಹೇಳಿದೆಯಂತೆ.

ಮನೆಗೆ ಬಂದು ಇವಳಿಗೆ ಸುದ್ದಿಯೆಂದು ಹೇಳಿದೆ. ‘ಹಂಗಾದ್ರೆ ಯಾರೂ ಕೇಳಲ್ವಾ?’ ಎಂದಳು. ತೆರಿಗೆಯವರು ಕೇಳಲ್ಲ ಎಂದೆ. ಅವಳು ಇನ್ನೇನೋ ಹೇಳಲು ಹೊರಟು ಸುಮ್ಮನಾದಳು.

12 ನವೆಂಬರ್, ಶನಿವಾರ

ಮಧ್ಯಾಹ್ನ ಶಾಲೆಯಿಂದ ಬಂದಾಗ ಊಟದ ಮಣೆಯ ಪಕ್ಕದಲ್ಲಿ ಸಾಸಿವೆಯ ಸ್ಟೀಲ್ ಡಬ್ಬಿ ಇತ್ತು. ‘ಕೂತ್ಕೊಳ್ಳಿ’ ಎಂದು ಬಾಗಿಲು ಹಾಕಿಕೊಂಡು ಬಂದಳು. ಸಾಸಿವೆಯನ್ನು ಮೊರಕ್ಕೆ ಸುರಿದಳು. ತಳದಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ರವಿಕೆ ಬಟ್ಟೆಯ ಚೂರಿನ ಗಂಟು, ಗಂಟಿನೊಳಗೆ ನಾಲ್ಕು ಮಡಿಕೆ ಮಾಡಿದ ನೋಟುಗಳು. ಒಂದೊಂದನ್ನೇ ಬಿಡಿಸಿ ಅಂಗೈಯಲ್ಲಿ ಒತ್ತಿ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಸಾಸಿವೆ ಕಾಳು ಉದುರುತ್ತಿತ್ತು. ಸಾವಿರದ್ದು ಹದಿನಾಲ್ಕು, ಐನೂರರದ್ದು ಅರವತ್ತೇಳು. ಒಟ್ಟು 47,500.

ರವಿಕೆ ಹೊಲಿದದ್ದು, ಸೀರೆಗೆ ಫಾಲ್ಸ್ ಹಾಕಿದ್ದು, ನಾನು ಮನೆಖರ್ಚಿಗೆ ಕೊಟ್ಟದ್ದರಲ್ಲಿ ಉಳಿಸಿದ್ದು. ಹನ್ನೊಂದು ವರ್ಷದ ದುಡ್ಡು. ‘ಮಗಳು ಹುಟ್ಟಿದಾಗ ಜ್ವರ ಬಂತಲ್ಲ, ತಿಂಗಳ ಕೊನೆ, ಮನೇಲಿ ಒಂದು ರೂಪಾಯಿ ಇರ್ಲಿಲ್ಲ. ಆಮೇಲೆ ಯಾವತ್ತೂ ಹಂಗಾಗ್ಬಾರ್ದು ಅಂತ ಅನ್ಕೊಂಡಿದ್ದೆ’ ಎಂದಳು.

ನನ್ನ ಬಾಯಿಂದ ಬಂದದ್ದು, ‘ನನಗೆ ಒಂದು ಮಾತು ಹೇಳಬಾರದಿತ್ತಾ?’

ಅವಳು ಉತ್ತರ ಕೊಡಲಿಲ್ಲ. ಸಾಸಿವೆ ಕೇರಲು ಶುರುಮಾಡಿದಳು.

13 ನವೆಂಬರ್, ಭಾನುವಾರ

ನಿದ್ದೆ ಹತ್ತಲಿಲ್ಲ. ನನ್ನಿಂದ ಬಚ್ಚಿಟ್ಟಳಲ್ಲ ಎಂಬುದೇ ಕೊರೆಯುತ್ತಿತ್ತು. ಇವತ್ತು ಭಾನುವಾರವೂ ಬ್ಯಾಂಕು ಇದೆ. ‘ಕೊಡು, ನನ್ನ ಖಾತೆಗೆ ಕಟ್ಟಿಬಿಡ್ತೀನಿ’ ಎಂದೆ. ‘ಬೇಡ, ನನ್ನ ಜನಧನ್ ಖಾತೆ ಇದೆಯಲ್ಲ, ಅದಕ್ಕೇ ಕಟ್ತೀನಿ’ ಎಂದಳು. ನನಗೆ ಸಿಟ್ಟು ಬಂತು. ನನ್ನ ಖಾತೆಯಾದರೇನು, ನಿನ್ನ ಖಾತೆಯಾದರೇನು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಸಂಜೆ ಇತಿಹಾಸದ ಮೇಷ್ಟ್ರು ಸಿಕ್ಕಿದರು. ಹೆಸರು ಹೇಳದೆ ವಿಷಯ ಎತ್ತಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಬರೆದನಲ್ಲ, ಅದರಲ್ಲೇ ಸ್ತ್ರೀಧನದ ಮಾತು ಬರುತ್ತದೆ ಎಂದರು. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ. ಇಂಥ ಹೊತ್ತಿನಲ್ಲಿ ಗಂಡ ಅದನ್ನು ಬಳಸಿದರೆ ವಾಪಸು ಕೊಡಬೇಕಾಗಿಲ್ಲ, ಮಿಕ್ಕಂತೆ ಅದು ಅವಳದ್ದು. ಒಂಬೈನೂರು ವರ್ಷದ ಹಿಂದಿನ ಗ್ರಂಥಕ್ಕೆ ಗೊತ್ತಿದ್ದದ್ದು ನನಗೆ ಬೆಳಿಗ್ಗೆ ಗೊತ್ತಿರಲಿಲ್ಲ.

15 ನವೆಂಬರ್, ಮಂಗಳವಾರ

ಒಂಬತ್ತನೇ ತರಗತಿಗೆ ವಚನಕಾರರ ಬಗ್ಗೆ ಹೇಳುತ್ತಾ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮನ ಕಥೆಗೆ ಬಂದೆ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇಷ್ಟು ನಮಗೇಕೆ, ಹೆಚ್ಚಿನದ್ದನ್ನು ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಕಥೆ. ಇವತ್ತು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಸಾರ್, ಜಾಸ್ತಿ ತಂದಿದ್ದಾರೆ ಅಂತ ಅವರಿಗೆ ಹೆಂಗೆ ಗೊತ್ತಾಯ್ತು?’ ಎಂದಳು.

‘ಗಂಟನ್ನು ಅವಳ ಮುಂದೆ ಬಿಚ್ಚಿದನಲ್ಲಮ್ಮ’ ಎಂದೆ. ಹೇಳಿದ ಮೇಲೆ ಮುಂದಕ್ಕೆ ಪಾಠ ಹೋಗಲಿಲ್ಲ. ಮಕ್ಕಳಿಗೆ ಬರೆಯಲು ಕೊಟ್ಟು ಕಿಟಕಿಯ ಹತ್ತಿರ ನಿಂತೆ. ನನ್ನ ಪಾಸ್‌ಬುಕ್ ಮೂರು ವರ್ಷದಿಂದ ಸ್ಟಾಫ್ ರೂಮಿನ ಬೀರುವಿನಲ್ಲಿ, ಹಳೆಯ ಹಾಜರಿ ಪುಸ್ತಕಗಳ ಹಿಂದೆ ಇದೆ.

16 ನವೆಂಬರ್, ಬುಧವಾರ

ಇವತ್ತು ಅದನ್ನು ಮನೆಗೆ ತಂದೆ. ಮಗಳು ಟ್ಯೂಷನ್‌ಗೆ ಹೋದ ಮೇಲೆ ಇವಳ ಕೈಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದಳು. ‘ಈ ನಾಲ್ಕೂವರೆ ಸಾವಿರ ಪ್ರತಿ ತಿಂಗಳೂ ಇದೆಯಲ್ಲ, ಏನಿದು?’

ಹೇಳಿದೆ. 2013ರಲ್ಲಿ ನನ್ನ ತಮ್ಮ ತೆಂಗಿನ ತೋಟಕ್ಕೆ ಬೋರ್‌ವೆಲ್ ಕೊರೆಸಲು ಒಂದು ಸಹಕಾರ ಸಂಘದಲ್ಲಿ ಮೂರು ಲಕ್ಷ ಸಾಲ ಎತ್ತಿದ. ‘ಅಣ್ಣಾ, ಒಂದು ಸಹಿ’ ಎಂದ. ಜಾಮೀನು ಹಾಕಿದೆ. ಎರಡು ಕಡೆ ಕೊರೆಸಿದರೂ ನೀರು ಬರಲಿಲ್ಲ. ಮರುವರ್ಷ ನನಗೆ ನೋಟಿಸ್ ಬಂತು. ಸಂಬಳದಲ್ಲಿ ಹಿಡಿದರೆ ಶಾಲೆಗೆಲ್ಲ ತಿಳಿಯುತ್ತದೆ ಎಂದು ಹೆದರಿ, 2014ರ ಜೂನ್‌ನಿಂದ ನಾನೇ ಕಟ್ಟುತ್ತಿದ್ದೇನೆ. ಈ ತಿಂಗಳಿಗೆ ಮೂವತ್ತು ಕಂತು ಆಯಿತು.

ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಪಾಸ್‌ಬುಕ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದ್ದನ್ನು ಅವಳ ಮಾತಲ್ಲೇ ಬರೆಯುತ್ತೇನೆ:

‘ಮಿಕ್ಸಿ ರಿಪೇರಿಗೆ ದುಡ್ಡು ಕೇಳಿದಾಗ ಕೈ ಬಿಗಿ ಅಂದ್ರಿ. ಅಮ್ಮನ ಕಣ್ಣಿನ ಆಪರೇಷನ್‌ಗೆ ಎರಡು ಸಾವಿರ ಕೊಡೋಣ ಅಂದಾಗ್ಲೂ ಅದೇ ಅಂದ್ರಿ. ಸಂಬಳ ಜಾಸ್ತಿಯಾದ್ರೂ ಯಾಕೆ ಸಾಲ್ತಿಲ್ಲ ಅಂತ ನಾನು ರಾತ್ರಿಯೆಲ್ಲ ಲೆಕ್ಕ ಹಾಕಿದ್ದೀನಿ ಕಣ್ರೀ. ನನ್ನ ಕೈಯೇ ದುಂದು ಅಂದ್ಕೊಂಡೆ. ಎಣ್ಣೆ ಕಮ್ಮಿ ಮಾಡ್ದೆ, ಹಾಲು ಕಮ್ಮಿ ಮಾಡ್ದೆ.’

ಸಾಲದ ಭಾರವನ್ನು ಒಬ್ಬನೇ ಹೊತ್ತು ಇವಳನ್ನು ಕಾಪಾಡುತ್ತಿದ್ದೇನೆ ಎಂದು ಎರಡೂವರೆ ವರ್ಷ ನಂಬಿದ್ದೆ. ಕಂತಿನ ಅರ್ಧ ಇವಳೇ ಕಟ್ಟಿದ್ದಾಳೆ, ಯಾವ ಸಾಲಕ್ಕೆ ಎಂದು ಗೊತ್ತಿಲ್ಲದೆ. ಮೇಲೆ ತಪ್ಪನ್ನೂ ತನ್ನ ತಲೆಗೆ ಕಟ್ಟಿಕೊಂಡಿದ್ದಾಳೆ.

18 ನವೆಂಬರ್, ಶುಕ್ರವಾರ

ಎರಡು ದಿನದಿಂದ ಅಗತ್ಯಕ್ಕೆ ತಕ್ಕಷ್ಟೇ ಮಾತು. ಕಾಫಿ ಮೇಜಿನ ಮೇಲೆ ಬರುತ್ತದೆ, ಕೈಗೆ ಬರುವುದಿಲ್ಲ.

ಅವಳು ಬಚ್ಚಿಟ್ಟದ್ದು, ನಾನು ಬಚ್ಚಿಟ್ಟದ್ದು ಎರಡೂ ಒಂದೇ ಎಂದು ಮೊದಲು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಒಂದೇ ಅಲ್ಲ. ಅವಳ ಡಬ್ಬಿಯಿಂದ ನನಗೆ ಒಂದು ಹೊತ್ತಿನ ಊಟವೂ ಕಡಿಮೆಯಾಗಲಿಲ್ಲ, ಕಷ್ಟ ಬಂದಿದ್ದರೆ ನಮಗೇ ಆಗುತ್ತಿತ್ತು. ನನ್ನ ಸಹಿ ಅವಳ ಎಣ್ಣೆ, ಹಾಲು, ನಿದ್ದೆ ಎಲ್ಲದರಲ್ಲೂ ಕೈಹಾಕಿತು.

ಅವಳು ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಹುಡುಕಬೇಕಾಗಿಲ್ಲ. ವಾರಕ್ಕೊಮ್ಮೆ ದಿನಸಿ ಚೀಟಿ ಮುಂದಿಟ್ಟುಕೊಂಡು ‘ಇದರಲ್ಲಿ ಐವತ್ತು ರೂಪಾಯಿ ಎಲ್ಲಿ ಹೋಯ್ತು?’ ಎಂದು ಕೇಳುತ್ತಿದ್ದವನು ನಾನು. ಲೆಕ್ಕ ಕೇಳುವುದು ನನ್ನದು, ಕೊಡುವುದು ಅವಳದು ಎಂದು ಮದುವೆಯಾದ ವರ್ಷದಿಂದ ನಡೆದುಬಂದಿದೆ.

20 ನವೆಂಬರ್, ಭಾನುವಾರ

ಪರಿಚಯದ ವಕೀಲರ ಮನೆಗೆ ಇಬ್ಬರೂ ಹೋದೆವು. ಇವಳೇ ‘ನಾನೂ ಬರ್ತೀನಿ’ ಎಂದಳು. 1872ರ ಕರಾರು ಕಾಯ್ದೆಯ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ, ಬೇರೆ ಕರಾರು ಇಲ್ಲದಿದ್ದರೆ. ಜಾಮೀನು ಎಂದರೆ ಬರೀ ಸಾಕ್ಷಿ ಸಹಿ ಎಂದು ನಾನು ತಿಳಿದಿದ್ದೆ. ಆದರೆ ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕೂ ಅದೇ ಕಾಯ್ದೆಯಲ್ಲಿದೆ, ಪ್ರತಿ ರಸೀದಿಯನ್ನೂ ಜೋಪಾನ ಮಾಡಿ ಎಂದರು.

‘ನನ್ನ ಒಡವೆಗೆ ಬರ್ತಾರಾ?’ ಎಂದು ಇವಳು ಕೇಳಿದಳು. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಗಂಡನಿಗೆ ಅದರಲ್ಲಿ ಪಾಲಿಲ್ಲ, 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನೀವೇನೂ ಸಹಿ ಹಾಕಿಲ್ಲವಲ್ಲ ಎಂದು ವಕೀಲರು ಧೈರ್ಯ ಹೇಳಿದರು. ಅವಳ ಮುಖ ಸ್ವಲ್ಪ ಸಡಿಲವಾಯಿತು. ಬುಧವಾರದಿಂದ ಈ ಭಯ ಅವಳನ್ನು ಕಾಡುತ್ತಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

22 ನವೆಂಬರ್, ಮಂಗಳವಾರ

ಅರ್ಧ ದಿನ ರಜೆ ಹಾಕಿ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಅವಳು. ಚಲನ್ ಅವಳೇ ಬರೆದಳು, ಎಷ್ಟು ಸಾವಿರದ್ದು, ಎಷ್ಟು ಐನೂರರದ್ದು ಎಲ್ಲ. ಐವತ್ತು ಸಾವಿರದೊಳಗೆ ಇರುವುದರಿಂದ ಪಾನ್ ಕಾರ್ಡ್ ಕೇಳಲಿಲ್ಲ. ಕೌಂಟರಿನ ಹುಡುಗಿ ನೋಟಿನ ಮಡಿಕೆ ಬಿಡಿಸುತ್ತಾ, ‘ದಿನಾ ಹಿಂಗೇ ಬರ್ತಿವೆ ಆಂಟಿ, ಅಕ್ಕಿ ಡಬ್ಬೀದು, ಬೇಳೆ ಡಬ್ಬೀದು’ ಎಂದಳು. ಸಾಲಿನಲ್ಲಿ ಎಷ್ಟೊಂದು ಹೆಂಗಸರು ಸೆರಗಿನೊಳಗೆ ಕೈಚೀಲ ಒತ್ತಿ ಹಿಡಿದು ನಿಂತಿದ್ದರು. ಎಷ್ಟು ಮನೆಗಳಲ್ಲಿ ಈ ಹದಿನೈದು ದಿನ ನನ್ನಂಥ ಗಂಡಸರು ‘ಹೇಳಬಾರದಿತ್ತಾ?’ ಎಂದು ಕೇಳಿದ್ದಾರೋ.

27 ನವೆಂಬರ್, ಭಾನುವಾರ

ಊರಿಗೆ ಹೋಗಿ ಬಂದೆವು. ತಮ್ಮ ತಲೆ ತಗ್ಗಿಸಿ ಕೂತ. ನೋಟಿನ ಗಲಾಟೆಯಲ್ಲಿ ಕೊಬ್ಬರಿ ಮಾರಿದರೂ ಕೈಗೆ ದುಡ್ಡು ಸಿಗುತ್ತಿಲ್ಲ, ಸಂಕ್ರಾಂತಿ ಕಳೆದ ಮೇಲೆ ಕಂತಿನಲ್ಲಿ ಅರ್ಧ ಕೊಡುತ್ತೇನೆ ಎಂದ. ‘ಯಾವ ಕಂತು?’ ಎಂದು ತಮ್ಮನ ಹೆಂಡತಿ ಒಳಗಿನಿಂದ ಬಂದಳು. ಅವಳಿಗೂ ಗೊತ್ತಿಲ್ಲ. ಸಾಲ ತೀರಿತು ಎಂದು ನಂಬಿಸಿದ್ದಾನೆ. ಇವಳು ಎದ್ದು ಅವಳ ಪಕ್ಕದಲ್ಲಿ ಹೋಗಿ ಕೂತಳು. ‘ಸರೀ ಮೊತ್ತ ಎಷ್ಟು, ನಮ್ಮಿಬ್ಬರ ಮುಂದೆ ಇವಾಗ ಹೇಳಿ’ ಎಂದಳು. ತಮ್ಮ ಹೇಳಿದ. ನಾನೂ ಹೇಳಿದೆ.

1 ಡಿಸೆಂಬರ್, ಗುರುವಾರ

ಸಂಬಳ ಬಂತು. ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು ದೇವರಮನೆ ಪಕ್ಕದ ಗೂಡಿನಲ್ಲಿ, ಕರೆಂಟ್ ಬಿಲ್ಲುಗಳ ಜೊತೆ ಇಟ್ಟೆ. ಅದರ ಜಾಗ ಇನ್ನು ಅಲ್ಲೇ.

ರಾತ್ರಿ ಪಾತ್ರೆ ತೊಳೆದು ಬಂದು ಕೂತು, ‘ಇನ್ನೇನಾದ್ರೂ ಇದೆಯಾ?’ ಎಂದಳು. ಇಲ್ಲ ಎನ್ನಲು ಬಾಯಿ ತೆರೆದವನು ನಿಲ್ಲಿಸಿದೆ. ಪಿ.ಟಿ. ಮೇಷ್ಟ್ರ ಹತ್ತಿರ ಆರು ಸಾವಿರ ಕೈಸಾಲ ಇದೆ ಎಂದೆ. ಕ್ಯಾಲೆಂಡರಿನ ಹಿಂದೆ ಬರೆದುಕೊಂಡಳು.

ನಂತರ ನನ್ನನ್ನು ನೇರವಾಗಿ ನೋಡಿ ಹೇಳಿದಳು: ‘ನಾನು ಮತ್ತೆ ಡಬ್ಬೀಲಿ ಇಡೋಕ್ಕೆ ಶುರು ಮಾಡ್ತೀನಿ. ಇಡ್ತಿದ್ದೀನಿ ಅಂತ ಹೇಳ್ತಿದ್ದೀನಿ. ಎಷ್ಟು ಅಂತ ನೀವು ಕೇಳ್ಬಾರ್ದು.’

ಕೇಳಲ್ಲ ಎಂದೆ. ವಾರದ ದಿನಸಿ ಚೀಟಿಯನ್ನೂ ಇನ್ನು ಮೇಲೆ ಕೇಳುವುದಿಲ್ಲ ಎಂದು ಸೇರಿಸಿದೆ. ಅವಳು ದೀಪ ಆರಿಸಲು ಎದ್ದಳು. ಹೋಗುವಾಗ, ‘ಬೆಳಿಗ್ಗೆ ಮಿಕ್ಸಿ ರಿಪೇರಿಗೆ ಕೊಟ್ಟು ಬನ್ನಿ’ ಎಂದಳು.