66 ಡಿಗ್ರಿಯ ಕಾವು

ಎರಡು ಪ್ರನಾಳಗಳಲ್ಲಿ ಗಂಜಿತಿಳಿ ತೆಗೆದುಕೊಂಡು, ಒಂದಕ್ಕೆ ಲಾಲಾರಸ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು ಎರಡಕ್ಕೂ ಅಯೋಡಿನ್ ಹಾಕುತ್ತಿದ್ದ ಪ್ರಯೋಗ ನಿಮಗೆ ನೆನಪಿರಬಹುದು. ಬರಿಯ ಗಂಜಿ ಕಡುನೀಲಿಯಾಗುತ್ತಿತ್ತು; ಲಾಲಾರಸ ಬೆರೆತದ್ದು ಆಗುತ್ತಿರಲಿಲ್ಲ. ಉಗುಳುವ ಸಂಭ್ರಮದಲ್ಲಿ ಅಮೈಲೇಸ್ ಎಂಬ ಕಿಣ್ವದ ಹೆಸರು ಎಷ್ಟು ಮಂದಿಯ ತಲೆಗೆ ಹೋಯಿತೋ ಕಾಣೆ. ಅಂಥದೇ ಅಯೋಡಿನ್ ಸೀಸೆಯನ್ನು ನಾನು ಮತ್ತೆ ಕಂಡದ್ದು 2019ರ ಮಾರ್ಚ್‌ನಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿರುವ ಮಗನ ಮನೆಯ ಗ್ಯಾರೇಜಿನಲ್ಲಿ. ಅವನು ಬಿಯರ್ ತಯಾರಿಸುತ್ತಿದ್ದ.

ಬಂಧುಗಳಲ್ಲಿ ಕೆಲವರು ಇಲ್ಲಿ ಹುಬ್ಬೇರಿಸುವರೆಂದು ಬಲ್ಲೆ. ನಾನು ಮದ್ಯ ಮುಟ್ಟಿದವನಲ್ಲ. ಐವರ್ನಾಡಿನ ಸುತ್ತಮುತ್ತ ಸಾರಾಯಿಯಿಂದ ಬರಿದಾದ ಮನೆಗಳ ಮಕ್ಕಳು ಹಸಿದ ಹೊಟ್ಟೆಯಲ್ಲಿ ನನ್ನ ತರಗತಿಯಲ್ಲಿ ಕುಳಿತದ್ದುಂಟು. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಸಮಾಧಾನಪಟ್ಟವರಲ್ಲಿ ನಾನೂ ಒಬ್ಬ. ನಮ್ಮಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಅಮೆರಿಕದಲ್ಲಾದರೋ 1978ರ ಕಾನೂನು ಮನೆಯ ಬಳಕೆಗೆ ಅದಕ್ಕೆ ಅವಕಾಶ ಕೊಟ್ಟಿತು. ಮಗ ಎರಡು ವರ್ಷ ಈ ಹವ್ಯಾಸವನ್ನು ನನ್ನಿಂದ ಮರೆಮಾಚಿದ್ದ. ಬಿಯರಿಗಿಂತ ಆ ಮರೆಮಾಚುವಿಕೆಯೇ ನನ್ನನ್ನು ಹೆಚ್ಚು ನೋಯಿಸಿತು. ಆದ್ದರಿಂದ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ತರಿಯಾಗಿ ಒಡೆದು ಬಿಸಿನೀರಿನಲ್ಲಿ ಒಂದು ತಾಸು ಇಡಬೇಕು. ಆಗ ಧಾನ್ಯದಲ್ಲೇ ಹುಟ್ಟಿದ ಅಮೈಲೇಸ್‌ಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಅವು ಎರಡು ಬಗೆ. ಬೀಟಾ ಎಂಬುದಕ್ಕೆ 60ರಿಂದ 65 ಡಿಗ್ರಿ ಹಿತ, ಆಲ್ಫಾ ಎಂಬುದಕ್ಕೆ 70ರ ಆಸುಪಾಸು. 66ರಲ್ಲಿ ಎರಡೂ ದುಡಿಯುತ್ತವೆ. ಕಾವು 63ಕ್ಕಿಳಿದರೆ ಬಿಯರ್ ತೆಳುವಾಗುತ್ತದೆ, 69ಕ್ಕೇರಿದರೆ ಯೀಸ್ಟ್ ತಿನ್ನಲಾರದ ಅಂಶ ಉಳಿದು ಮಂದವಾಗುತ್ತದೆ. ಅತಿಯಾದ ಬಿಸಿಗೆ ಒಮ್ಮೆ ಕೆಟ್ಟ ಕಿಣ್ವ, ಆರಿಸಿದರೂ ಮರಳಿ ಕೆಲಸ ಮಾಡದು.

ಮಗನ ಕಷ್ಟ ಇದ್ದದ್ದು ಇಲ್ಲಿಯೇ. ಪಾತ್ರೆಯನ್ನು ಗ್ಯಾಸಿನ ಮೇಲಿಟ್ಟು, ಕಾವು ಇಳಿದಾಗಲೆಲ್ಲ ಉರಿ ಏರಿಸುತ್ತಿದ್ದ. ಮೇಲಿನ ಉಷ್ಣತಾಮಾಪಕ 64 ತೋರಿಸುತ್ತಿರುವಾಗ ತಳ ಸುಡುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ನನ್ನ ಅಮ್ಮ ಹೆಪ್ಪು ಹಾಕಿದ ಪಾತ್ರೆಯನ್ನು ಒಲೆಯ ಮೇಲಿಡುತ್ತಿರಲಿಲ್ಲ. ಬಟ್ಟೆ ಸುತ್ತಿ, ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿಡುತ್ತಿದ್ದಳು. “ಒಲೆ ಆರಿಸು, ಕಂಬಳಿ ತಾ” ಎಂದೆ.

ಮುಂದಿನ ಭಾನುವಾರ ಹೊಸದಾಗಿ ಲೆಕ್ಕ ಹಾಕಿದೆವು. ಬಿಸಿ ವಸ್ತು ಕಳೆದುಕೊಂಡ ಶಾಖ, ತಣ್ಣನೆಯದು ಪಡೆದ ಶಾಖಕ್ಕೆ ಸಮ. ನಿಮ್ಮಿಂದ ಎಷ್ಟು ಸಲ ಬರೆಸಿಲ್ಲ ಇದನ್ನು! ಒಣ ಧಾನ್ಯದ ವಿಶಿಷ್ಟೋಷ್ಣ ನೀರಿನದರ ಸುಮಾರು 0.4. ಗ್ಯಾರೇಜಿನ ಧಾನ್ಯ 15 ಡಿಗ್ರಿಯಲ್ಲಿತ್ತು. ಕಿಲೋ ಒಂದಕ್ಕೆ 3 ಲೀಟರಿನಂತೆ ನೀರು ಸೇರಿಸಿ 66ಕ್ಕೆ ನಿಲ್ಲಬೇಕಾದರೆ ನೀರು 73ರಲ್ಲಿರಬೇಕು. ಪಾತ್ರೆ ಹೀರುವ ಶಾಖ ಈ ಲೆಕ್ಕದಲ್ಲಿಲ್ಲ. ಅದಕ್ಕೆಂದು, ಪ್ರವಾಸಕ್ಕೆ ಊಟ ಒಯ್ಯುವ ದಪ್ಪಗೋಡೆಯ ಪೆಟ್ಟಿಗೆಗೆ ಮೊದಲು ಬಿಸಿನೀರು ಸುರಿದು, ಬೆಚ್ಚಗಾದ ಮೇಲೆ ಚೆಲ್ಲಿದೆವು. ಬಳಿಕ ಅಳೆದ ನೀರು, ಧಾನ್ಯ. ಗಂಟು ಕಟ್ಟದಂತೆ ಕಲಕಿ, ಮೂರು ಕಡೆ ಅಳೆದು, ಮುಚ್ಚಿ, ಕಂಬಳಿ ಹೊದೆಸಿದೆವು. ನಡುನಡುವೆ ಮುಚ್ಚಳ ತೆರೆಯುವ ಅವನ ಚಪಲಕ್ಕೆ ನಾನು ಅಡ್ಡ ಕುಳಿತೆ. ಆ ಒಂದು ತಾಸಿನಲ್ಲಿ ಅವನು ತನ್ನ ಕೆಲಸದ ಬೇಸರ, ಊರಿಗೆ ಮರಳುವ ಯೋಚನೆ, ಎಲ್ಲವನ್ನೂ ಹೇಳಿದ. ಫೋನಿನಲ್ಲಿ ಹತ್ತು ವರ್ಷ ಕೇಳದ ಮಾತುಗಳು.

ಮುಚ್ಚಳ ತೆರೆದಾಗ 65. ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಒಂದು ಹನಿ ಅಯೋಡಿನ್. ಬಣ್ಣ ಕಂದಾಗಿಯೇ ಉಳಿಯಿತು. ಪಿಷ್ಟ ಮುಗಿದಿತ್ತು. ಹುಳಿಯುವ ಮೊದಲಿನ ಆ ರಸವನ್ನು ನಾನೂ ಒಂದು ಚಮಚ ಸವಿದೆ. ನಮ್ಮ ರಾಗಿಮಾಲ್ಟಿನ ದೂರದ ನೆಂಟನ ರುಚಿ. ಮುಂದಿನದಕ್ಕೆ ನಾನು ಪಾಲುದಾರನಲ್ಲವೆಂದೆ, ಅವನೂ ಒತ್ತಾಯಿಸಲಿಲ್ಲ.

ರಸ ಬಸಿದ ಮೇಲೆ ಉಳಿದ ಬೂಸಾವನ್ನು ಅವನು ಗಿಡಗಳ ಗೊಬ್ಬರಕ್ಕೆಂದು ಕೂಡಿಟ್ಟ. ಐವರ್ನಾಡಿನಲ್ಲಾಗಿದ್ದರೆ ಹಟ್ಟಿಯ ದನಗಳಿಗೆ ಅಂದು ಹಬ್ಬ.