ಹಿಂದಿನ ಸಾಲಿನವರು

ಬೆಳಿಗ್ಗೆ ಚಹಾದ ಹೊತ್ತಿಗೆ ಸೋದರಳಿಯ ಬಂದು ನನ್ನ ಮೊಬೈಲಿಗೆ ಒಂದು ಹಾಡಿನ ಪಟ್ಟಿ ಹಾಕಿಕೊಟ್ಟ. ಹಿರಿಯರಿಗೆಂದೇ ಯಾರೋ ಆರಿಸಿಟ್ಟದ್ದಂತೆ. ಹಚ್ಚಿದರೆ ಹರಿಯುವ ನೀರಿನ ಸದ್ದು, ಅದರ ಮೇಲೊಂದು ಕೊಳಲು, ಆಗೊಮ್ಮೆ ಈಗೊಮ್ಮೆ ಗಂಟೆ. "ಮಾಮಾ, ಈ ವಯಸ್ಸಿನ್ಯಾಗ ಇಂಥಾವು ಕೇಳಬೇಕ್ರಿ. ಆ ಪೀಪಿ, ಡ್ರಮ್ಮು ಸಾಕಿನ್ನ, ಬಿಪಿ ಏರತೈತಿ" ಎಂದ. ಪ್ರೀತಿಯಿಂದಲೇ ಹೇಳಿದ. ಆದರೂ ನನಗೆ ಸಿಟ್ಟು ಬಂತು. ಕೂದಲು ಬೆಳ್ಳಗಾದವರಿಗೆ ಸಂಗೀತವೆಂದರೆ ಮಲಗುವ ಮುಂಚಿನ ಔಷಧ ಎಂದು ಯಾರು ತೀರ್ಮಾನಿಸಿದರು? ಸಿಂಧನೂರಿನ ಬೇಸಿಗೆಯ ಮಧ್ಯಾಹ್ನಗಳು ನಮ್ಮನ್ನು ಬೇಕಾದಷ್ಟು ಮಲಗಿಸುತ್ತವೆ. ನಮಗೆ ಬೇಕಾದದ್ದು ಕುರ್ಚಿಯಿಂದ ಎಬ್ಬಿಸುವ ಸದ್ದು.

ಅವನು ಹೋದ ಮೇಲೆ ಆ ನೀರಿನ ಸದ್ದು ನಿಲ್ಲಿಸಿ ಕೌಂಟ್ ಬೇಸಿಯ ಬ್ಯಾಂಡ್ ಹಚ್ಚಿದೆ. 1957ರ ಅಕ್ಟೋಬರಿನಲ್ಲಿ ಧ್ವನಿಮುದ್ರಣವಾದ 'ದಿ ಅಟಾಮಿಕ್ ಮಿಸ್ಟರ್ ಬೇಸಿ'. ಮೊದಲನೆಯದೇ 'ದಿ ಕಿಡ್ ಫ್ರಮ್ ರೆಡ್ ಬ್ಯಾಂಕ್'. ತುತ್ತೂರಿಗಳೆಲ್ಲ ಒಮ್ಮೆಲೇ ಎದ್ದು ನಿಂತವು. ಅಡುಗೆಮನೆಯಲ್ಲಿದ್ದವರು ಬಾಗಿಲಿಗೆ ಬಂದು ನೋಡಿ ಹೋದರು. ಬಿಪಿ ಏರಿತೋ ಇಲ್ಲವೋ, ಬೆನ್ನಂತೂ ನೆಟ್ಟಗಾಯಿತು.

ಈ ಸಂಗೀತ ನನಗೆ ಹೊಸದಲ್ಲ. ಹರೆಯದಲ್ಲಿ ರಾತ್ರಿ ರೇಡಿಯೊದ ಮುಳ್ಳು ತಿರುಗಿಸುತ್ತ ಕೂತಾಗ ಶಾರ್ಟ್‌ವೇವ್‌ನ ಗೊರಗೊರ ಸದ್ದಿನೊಳಗಿಂದ ವಾಯ್ಸ್ ಆಫ್ ಅಮೆರಿಕದ ವಿಲ್ಲಿಸ್ ಕೊನೊವರ್ ಸಿಕ್ಕಿದ್ದ. 1955ರಲ್ಲಿ ಶುರುವಾದ ಆತನ ಜಾಝ್ ಕಾರ್ಯಕ್ರಮ ಡ್ಯೂಕ್ ಎಲಿಂಗ್ಟನ್ನನ 'ಟೇಕ್ ದಿ ಎ ಟ್ರೇನ್'ನಿಂದ ತೆರೆದುಕೊಳ್ಳುತ್ತಿತ್ತು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲೆಂದು ಆತ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದ. ಕನ್ನಡ ಶಾಲೆಯ ಹುಡುಗನಿಗೆ ಅದು ದೊಡ್ಡ ಉಪಕಾರ. ಆ ಪ್ರಸಾರ ಹೊರದೇಶಗಳಿಗಾಗಿಯೇ ಇದ್ದದ್ದರಿಂದ ಅಮೆರಿಕದಲ್ಲಿ ಆತನ ದನಿಯನ್ನು ಬಲ್ಲವರು ಕಡಿಮೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಪಕ್ಕದ ಊರಿನಲ್ಲಿ ಕೂತ ನನಗೆ ಆ ದನಿ ಸೋದರಮಾವನ ದನಿಯಷ್ಟು ಪರಿಚಿತವಾಗಿತ್ತು.

ಮುಂದೆ ನೌಕರಿ, ಸಂಸಾರ, ಮಕ್ಕಳ ಪರೀಕ್ಷೆ. ಮನೆಯಲ್ಲಿ ದನಿ ತಗ್ಗಿಸಿ ಕೇಳುವ ಸಂಗೀತವಷ್ಟೇ ಉಳಿಯಿತು. ಮೂರು ನಾಲ್ಕು ಜನ ಕೂಡಿ ನುಡಿಸುವ ಜಾಝ್, ರಾತ್ರಿಯ ರಾಗಗಳು, ನಮ್ಮ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳು. ಇವನ್ನೆಲ್ಲ ನಾನು ಈಗಲೂ ಬಿಟ್ಟುಕೊಡುವವನಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಮತ್ತೆ ಬೇಸಿ, ಮತ್ತೆ ಎಲಿಂಗ್ಟನ್, ಮತ್ತೆ ಬಡ್ಡಿ ರಿಚ್ ಹಚ್ಚಿದಾಗ, ಹರೆಯದಲ್ಲಿ ನನ್ನ ಕಿವಿಗೆ ಬೀಳದಿದ್ದ ಒಂದು ಸಂಗತಿ ಈಗ ಎದ್ದು ಕೇಳತೊಡಗಿತು.

ಬಿಗ್ ಬ್ಯಾಂಡ್ ಎಂದರೇನು ಎಂಬ ವಿವರ ಉದ್ದ ಬೇಡ. ಹದಿನಾರು ಹದಿನೇಳು ಜನ. ಟ್ರಂಪೆಟ್ಟಿನವರು, ಟ್ರಾಂಬೋನಿನವರು, ಸ್ಯಾಕ್ಸೋಫೋನಿನವರು, ತಾಳ ಹಿಡಿಯುವ ನಾಲ್ವರು. ನಾನು ಹೇಳಬೇಕೆಂದಿರುವುದು ಆ ನಾಲ್ವರಲ್ಲಿ ಒಬ್ಬನ ವಿಷಯ. ಹೆಸರು ಫ್ರೆಡಿ ಗ್ರೀನ್. 1937ರಲ್ಲಿ ಬೇಸಿಯ ಬ್ಯಾಂಡಿಗೆ ಗಿಟಾರು ಹಿಡಿದು ಬಂದ. ಬೇಸಿ 1984ರಲ್ಲಿ ತೀರಿಕೊಂಡ ಮೇಲೂ ಆ ಬ್ಯಾಂಡಿನಲ್ಲೇ ಇದ್ದು, 1987ರಲ್ಲಿ ಕಣ್ಣುಮುಚ್ಚಿದ. ಐವತ್ತು ವರ್ಷ! ಆ ಐವತ್ತು ವರ್ಷದಲ್ಲಿ ಆತ ಒಬ್ಬನೇ ಮುಂದೆ ಬಂದು ನುಡಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ವಿದ್ಯುತ್ತಿನ ಹಂಗಿಲ್ಲದ ಗಿಟಾರು. ಆವರ್ತಕ್ಕೆ ನಾಲ್ಕು ಪೆಟ್ಟು, ಮತ್ತೆ ನಾಲ್ಕು, ಮತ್ತೆ ನಾಲ್ಕು. ಅಷ್ಟೊಂದು ತುತ್ತೂರಿಗಳು ಮೊಳಗುವಾಗ ಅದು ಕೇಳಿಸುವುದೇ ಕಷ್ಟ. ಆದರೆ ಅದನ್ನು ತೆಗೆದುಬಿಟ್ಟರೆ ಆ ತುತ್ತೂರಿಗಳಿಗೆ ಕಾಲೂರಲು ನೆಲ ಇರುವುದಿಲ್ಲ. ಯಜಮಾನ ಬೇಸಿ ಕೂಡ ಹಾಗೆಯೇ. ಪಿಯಾನೊದ ಮುಂದೆ ಕೂತು ಎರಡು ಸ್ವರ ಒತ್ತಿ ಸುಮ್ಮನಾಗುತ್ತಾನೆ. ಇಡೀ ಬ್ಯಾಂಡ್ ಆ ಸುಮ್ಮನಿರುವಿಕೆಯ ಮೇಲೆ ಹಾರಿ ಬೀಳುತ್ತದೆ. ಆ ಬಲವೆಲ್ಲ ಹುಟ್ಟುವುದು ತಡೆದುಕೊಂಡವರಿಂದ. ಅಳಿಯ ಗದ್ದಲ ಎಂದು ಕರೆದದ್ದರೊಳಗೆ ಎಷ್ಟು ಸಂಯಮ ಇದೆ ಎಂಬುದನ್ನು ಅವನಿಗೆ ಹೇಗೆ ತೋರಿಸಲಿ?

ನಮ್ಮಲ್ಲಿ ಹಿಮ್ಮೇಳದವರಿಗೆ ಆಗುವ ಅನ್ಯಾಯದ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ರೇಡಿಯೊದಲ್ಲಿ ಗೀಗೀ ಪದ ಮುಗಿದ ಕೂಡಲೇ ಮುಖ್ಯ ಹಾಡುಗಾರರ ಹೆಸರು ಹೇಳಿ 'ಮತ್ತು ಸಂಗಡಿಗರು' ಎಂದು ಮುಗಿಸುತ್ತಾರೆ. ಕಾರ್ಯಕ್ರಮದ ಆಮಂತ್ರಣದಲ್ಲಿ 'ಮತ್ತು ಸಂಗಡಿಗರು'. ಮರುದಿನದ ಪತ್ರಿಕೆಯಲ್ಲಿ 'ಮತ್ತು ಸಂಗಡಿಗರು'. ತುಂತುಣಿ ಮೀಟುತ್ತ ರಾತ್ರಿಯಿಡೀ ಪಲ್ಲವಿ ಎತ್ತಿಕೊಟ್ಟವರು ಯಾರು? ಮುಂದಿನವರಿಗೆ ದಮ್ಮು ಕಟ್ಟಿದಾಗ ಪದ ನೆಲಕ್ಕೆ ಬೀಳದಂತೆ ಹಿಡಿದವರು ಯಾರು? ಭಜನಾ ಮೇಳದಲ್ಲಿ ತಾಳ ಹಾಕುವವರನ್ನು ನೋಡಿ. ಹಾರ್ಮೋನಿಯಂನವರಿಗೆ ಹಾರ, ದಮ್ಮಡಿಯವರಿಗೂ ಒಂದು ಶಾಲು, ತಾಳದವರಿಗೆ ಕೊನೆಗೆ ಉಳಿದ ಪ್ರಸಾದ. ತಾಳದವರು ಒಂದು ನಿಮಿಷ ಕೈ ಬಿಟ್ಟು ಕೂತರೆ ಹಾರ ಹಾಕಿಸಿಕೊಂಡವರ ಗತಿ ಏನು? ಪ್ರತಿಯೊಂದು ಆಮಂತ್ರಣದಲ್ಲೂ ಹಿಮ್ಮೇಳದ ಎಲ್ಲರ ಹೆಸರು, ಊರು ಅಚ್ಚಾಗಬೇಕು. ಕಾಗದ ಸಾಲದಿದ್ದರೆ ಅಧ್ಯಕ್ಷತೆ, ಉದ್ಘಾಟನೆ, ಗೌರವ ಉಪಸ್ಥಿತಿಯ ಸಾಲುಗಳನ್ನು ತೆಗೆದು ಜಾಗ ಮಾಡಲಿ. ಜಾಝ್ ತಟ್ಟೆಗಳ ಹಿಂಬದಿಯಲ್ಲಿ ಮೂರನೆಯ ಟ್ರಾಂಬೋನಿನವನ ಹೆಸರೂ ಇರುತ್ತದೆ. ಆ ಹೆಸರುಗಳನ್ನು ಓದುತ್ತಲೇ ನಾನು ಕೇಳುವುದನ್ನು ಕಲಿತದ್ದು.

ಗ್ರೀನನ ಆ ನಾಲ್ಕು ಪೆಟ್ಟಿನ ಧ್ಯಾನದಲ್ಲಿದ್ದಾಗ ಮುದಗಲ್ಲು ನೆನಪಾಯಿತು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಮ್ಮ ಕಡೆಯವರಿಗೆ ಬರೀ ಹಬ್ಬವಲ್ಲ, ವರ್ಷದ ಗುರುತು. ಹಿಂದೂ ಮುಸ್ಲಿಂ ಎನ್ನದೆ ಸುತ್ತಲಿನ ಹಳ್ಳಿಗಳೆಲ್ಲ ಅಲ್ಲಿ ಸೇರುತ್ತವೆ. ಕತ್ತಲ ರಾತ್ರಿ ಅಲಾಯಿ ಕುಣಿಯಲ್ಲಿ ಬೆಂಕಿ; ಆ ಬೆಂಕಿಯ ಪಕ್ಕದಲ್ಲೇ ಹಲಗಿಯವರು ಹಲಗಿ ಕಾಸುತ್ತಾರೆ. ಚರ್ಮ ಬಿಗಿಯಾಗುತ್ತದೆ, ಬೆರಳಿನಿಂದ ತಟ್ಟಿ ನೋಡುತ್ತಾರೆ, ಮತ್ತೆ ಬೆಂಕಿಗೆ ಹಿಡಿಯುತ್ತಾರೆ. ಹತ್ತಾರು ಹಲಗಿಗಳು ಒಂದು ಹದಕ್ಕೆ ಬಂದ ಮೇಲೆ ಹೆಜ್ಜೆ ಮೇಳದವರು ಕಾಲು ಕಿತ್ತಿಡುತ್ತಾರೆ. ಒಂದು ಮೇಳ ಪದದಲ್ಲೇ ಸವಾಲು ಹಾಕಿದರೆ ಎದುರಿನ ಮೇಳ ಜವಾಬು ಕೊಡಬೇಕು. ಟ್ರಂಪೆಟ್ಟಿನ ಸಾಲು ಕೇಳಿದ್ದಕ್ಕೆ ಸ್ಯಾಕ್ಸೋಫೋನಿನ ಸಾಲು ಉತ್ತರಿಸುವುದನ್ನು ರೇಡಿಯೊದಲ್ಲಿ ಮೊದಲ ಸಲ ಕೇಳಿದಾಗ ನನಗೆ ಪರಕೀಯ ಅನ್ನಿಸದೆ ಇದ್ದದ್ದು ಇದಕ್ಕೇ. ಕರಿಯರ ಚರ್ಚುಗಳಿಂದ, ಹೊಲದ ದುಡಿಮೆಯ ಹಾಡುಗಳಿಂದ ಆ ಸವಾಲು ಜವಾಬು ಜಾಝಿಗೆ ಬಂತು. ನನಗೆ ಅದು ಮುದಗಲ್ಲಿನಿಂದ ಬಂತು.

ಬೆಂಕಿ ಎಂದ ಕೂಡಲೇ ಮಸ್ಕಿಯ ಅಶೋಕ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅಲ್ಲಿಯ ಬಂಡೆಯ ಮೇಲಿನ ಬರಹ ಕಂಡದ್ದರಿಂದ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು, ಅದು ಶಾಲೆಯ ಮಕ್ಕಳಿಗೂ ಗೊತ್ತು. ನನ್ನ ಮನಸ್ಸಿಗೆ ಬಂದದ್ದು ಬೇರೆ ಶಾಸನ. ಗಿರ್ನಾರ್ ಮುಂತಾದ ಕಡೆ ಇರುವ ನಾಲ್ಕನೆಯ ಶಿಲಾಶಾಸನದಲ್ಲಿ ತನ್ನ ಕಾಲದಲ್ಲಿ ಭೇರಿಯ ಘೋಷ ಧರ್ಮದ ಘೋಷವಾಯಿತು ಎಂದು ಅಶೋಕ ಹೇಳಿಕೊಳ್ಳುತ್ತಾನೆ. ಸಮಾಧಾನದ ಪಕ್ಷದವರು ಇದನ್ನೇ ಎತ್ತಿ ಹಿಡಿಯಬಹುದು. ಆದರೆ ಅದೇ ಶಾಸನದಲ್ಲಿ ಮುಂದೆ, ಜನರಿಗೆ ವಿಮಾನಗಳನ್ನೂ ಆನೆಗಳನ್ನೂ ಬೆಂಕಿಯ ರಾಶಿಗಳನ್ನೂ ತೋರಿಸಿದೆ ಎನ್ನುತ್ತಾನೆ. ಯುದ್ಧ ಬಿಟ್ಟ ಅರಸನಿಗೂ ಮೆರವಣಿಗೆ ಬೇಕಾಗಿತ್ತು, ಬೆಂಕಿ ಬೇಕಾಗಿತ್ತು. ಅವನು ಭೇರಿಯ ಚರ್ಮ ಹರಿದು ಹಾಕಲಿಲ್ಲ, ಅದಕ್ಕೆ ಬೇರೆ ಕೆಲಸ ಕೊಟ್ಟ. ನಮ್ಮ ಕುಮಾರವ್ಯಾಸನ ಯುದ್ಧಪರ್ವಗಳಲ್ಲಿ ನಿಸ್ಸಾಳ, ಕಹಳೆ, ಭೇರಿಗಳ ಮೊಳಗನ್ನು ಗಮಕಿಗಳು ತೆಗೆಯುವಾಗ ಕೇಳುವವರ ಕಾಲು ನೆಲಕ್ಕೆ ತಟ್ಟುತ್ತಿರುತ್ತವೆ. ಅಲ್ಲಿ ಯಾರೂ ಯುದ್ಧಕ್ಕೆ ಹೊರಟಿರುವುದಿಲ್ಲ.

ಇಂಥ ದೊಡ್ಡ ಸದ್ದು ಕಡಿಮೆಯಾಗಲು ಕಾರಣ ಜನರ ರುಚಿ ಬದಲಾದದ್ದು ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಣವೂ ಕಾರಣ. ಅಮೆರಿಕದಲ್ಲಿ 1942ರ ಆಗಸ್ಟಿನಲ್ಲಿ ವಾದ್ಯಗಾರರ ಸಂಘ ಧ್ವನಿಮುದ್ರಣಕ್ಕೆ ಮುಷ್ಕರ ಹೂಡಿತು. ಯುದ್ಧ ಗಂಡಸರನ್ನು ಎಳೆದುಕೊಂಡಿತು. 1944ರಲ್ಲಿ ಕುಣಿತದ ಹಾಲ್‌ಗಳ ಮೇಲೆ ಭಾರಿ ತೆರಿಗೆ ಬಿತ್ತು. ಹದಿನಾರು ಜನರ ಪಗಾರ, ಬಸ್ಸು, ಊಟ, ವಸತಿ. 1950ರಲ್ಲಿ ಬೇಸಿಯಂಥ ಬೇಸಿಯೇ ಬ್ಯಾಂಡ್ ವಿಸರ್ಜಿಸಿ ಕೆಲವೇ ಜನರ ಗುಂಪು ಕಟ್ಟಿಕೊಂಡ. ಎರಡು ವರ್ಷಕ್ಕೆ ಮತ್ತೆ ದೊಡ್ಡ ಬ್ಯಾಂಡ್ ಕಟ್ಟಿದ, ಅದು ಆತನ ಹಟ. ನಮ್ಮ ಮದುವೆಗಳ ಬ್ಯಾಂಡಿಗೂ ಇದೇ ಲೆಕ್ಕ ಬಂತು. ಕ್ಲಾರಿಯೋನೆಟ್ಟಿನವರು, ಟ್ರಂಪೆಟ್ಟಿನವರು, ಟಾಶಾದವರು, ಡ್ರಮ್ಮಿನವರು, ಲೈಟು ಹೊರುವವರು. ಅವರಿಗೆಲ್ಲ ಊಟ ಹಾಕುವುದಕ್ಕಿಂತ ಒಂದು ಡಿಜೆ ಗಾಡಿ ಅಗ್ಗ. ಡಿಜೆಯ ಸದ್ದು ಇನ್ನೂ ದೊಡ್ಡದು, ಎದೆಯ ಗೂಡು ನಡುಗುತ್ತದೆ. ಆದರೆ ಅದರೊಳಗೆ ಉಸಿರಾಡುವವರಿಲ್ಲ, ಒಬ್ಬರ ಮುಖ ನೋಡಿ ಇನ್ನೊಬ್ಬರು ತಡೆದುಕೊಳ್ಳುವುದಿಲ್ಲ. ಅಳಿಯನ ನೀರಿನ ಸದ್ದಿನ ಪಟ್ಟಿಗೂ ಡಿಜೆಗೂ ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿಲ್ಲ. ಎರಡರಲ್ಲೂ ಜನ ಇಲ್ಲ.

ಹಾಗೆ ನೋಡಿದರೆ ನಮ್ಮ ಕಡೆಯವರು ಹೆಸರು ಗೊತ್ತಿಲ್ಲದೆಯೇ ಬಿಗ್ ಬ್ಯಾಂಡ್ ಕೇಳಿಕೊಂಡು ಬಂದವರು. 1935ರಲ್ಲಿ ಲಿಯಾನ್ ಆ್ಯಬಿ ಎಂಬ ಕರಿಯ ಪಿಟೀಲುಗಾರ ತನ್ನ ಬ್ಯಾಂಡಿನೊಂದಿಗೆ ಮುಂಬೈಯ ತಾಜ್ ಹೋಟೆಲಿಗೆ ಬಂದ. ಆ ಸಂಗೀತವನ್ನು ಗೋವಾದ ವಾದ್ಯಗಾರರು ಕೈವಶ ಮಾಡಿಕೊಂಡು ಹಿಂದಿ ಸಿನಿಮಾಕ್ಕೆ ಒಯ್ದರು. 1951ರ 'ಅಲ್‌ಬೇಲಾ' ಚಿತ್ರದಲ್ಲಿ ಸಿ. ರಾಮಚಂದ್ರ ಅವರ ಹಾಡುಗಳ ಬೆನ್ನಿಗೆ ಮೊಳಗುವುದು ಅದೇ. ಕನ್ನಡದಲ್ಲಿ ಜಿ.ಕೆ. ವೆಂಕಟೇಶ್ ಅವರನ್ನು ಮರೆಯುವುದುಂಟೇ? 1977ರ 'ಸನಾದಿ ಅಪ್ಪಣ್ಣ'ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಗೆ ಜಾಗ ಬಿಟ್ಟು ನಿಂತ ಅದೇ ಸಂಗೀತ ನಿರ್ದೇಶಕ 1978ರ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜಕುಮಾರ್ ಅವರಿಂದ ಇಂಗ್ಲಿಷ್ ಹಾಡು ಹಾಡಿಸಿದರು. ಒಂದು ಸನಾದಿಯ ಮರ್ಯಾದೆಯೂ ತುತ್ತೂರಿಗಳ ದಂಡಿನ ಖುಷಿಯೂ ಒಬ್ಬರ ಕೈಯಲ್ಲೇ ಇದ್ದವು. ಹಿಂದೆ ಕೂತು ನುಡಿಸಿದವರ ಹೆಸರು ಅಲ್ಲೂ ಪರದೆಯ ಮೇಲೆ ಬರಲಿಲ್ಲ ಎಂಬ ಸಂಕಟ ನನಗೆ ಇದ್ದೇ ಇದೆ.

ಸ್ಯಾಕ್ಸೋಫೋನಿನ ಮಾತಿಗೆ ಬಂದರೆ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆಯ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯ ಕಂಡು ಮರುಳಾದರು, ಕರ್ನಾಟಕ ಸಂಗೀತದ ಗಮಕಗಳಿಗೆ ಅದನ್ನು ಬಗ್ಗಿಸಿದರು. 1980ರಲ್ಲಿ ಮುಂಬೈಯ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರನ್ನು ಕೇಳಿ ತಾವೂ ಜೊತೆಗೆ ನುಡಿಸಿದರು. ಮುಂದೆ 2008ರಲ್ಲಿ 'ಕಿನ್ಸ್‌ಮೆನ್' ಎಂಬ ತಟ್ಟೆಯಲ್ಲಿ ಗೋಪಾಲನಾಥರ ಜೊತೆ ನುಡಿಸಿದವರು ರುದ್ರೇಶ್ ಮಹಂತಪ್ಪ, ಕರ್ನಾಟಕದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ತಂದೆತಾಯಿಯ ಮಗ. ಇದೇ ರುದ್ರೇಶ್ 2004ರಲ್ಲಿ 'ಮದರ್ ಟಂಗ್' ಎಂಬ ತಟ್ಟೆ ತಂದಿದ್ದರು. ಬೇರೆ ಬೇರೆ ನುಡಿಯವರ ಮಾತನ್ನು ಮುದ್ರಿಸಿಕೊಂಡು, ಆ ಮಾತಿನ ಏರಿಳಿತವನ್ನೇ ಸ್ವರಕ್ಕೆ ಇಳಿಸಿ ಸ್ಯಾಕ್ಸೋಫೋನಿಗೆ ಕೊಟ್ಟರು. ಅದರಲ್ಲಿ ಒಂದರ ಹೆಸರು 'ಕನ್ನಡ'.

ಅದನ್ನು ಇವತ್ತು ಮತ್ತೆ ಹಚ್ಚಿ ಕೇಳಿದೆ. ಯಾವ ಸೀಮೆಯ ಕನ್ನಡ ಅದು, ಮೈಸೂರಿನದೋ ಧಾರವಾಡದ್ದೋ ಎಂದು ಯೋಚಿಸುತ್ತ ಕೂತೆ. ನಮ್ಮ ಮಾತು ಹಾಗೆ ಸ್ವರಕ್ಕೆ ಇಳಿದರೆ ಹೇಗಿದ್ದೀತು? "ಎಲ್ಲಿಗಿ ಹೊಂಟೀರಿ?" ಎನ್ನುವಾಗ ಕೊನೆಯ ಅಕ್ಷರ ಮೇಲಕ್ಕೆ ಹಾರಿ ನಿಲ್ಲುತ್ತದಲ್ಲ, ಅದು ಟ್ರಂಪೆಟ್ಟಿಗೆ ಹೇಳಿ ಮಾಡಿಸಿದ್ದು. "ಬರ್ರಿ, ಕುಂದರ್ರಿ" ಎಂಬುದರ ಒತ್ತು ಟ್ರಾಂಬೋನಿನದು. ಇನ್ನು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಬಾಗಿಲಿಗೆ ಜೋತು ಬಿದ್ದು, ಅಂಗೈಯಿಂದ ಬಸ್ಸಿನ ತಗಡು ಬಡಿಯುತ್ತ, "ಮಸ್ಕಿ ಮಸ್ಕಿ ಮಸ್ಕಿ, ಮುದಬಾಳ ಕ್ರಾಸ್, ಲಿಂಗಸೂಗೂರ ಲಿಂಗಸೂಗೂರ" ಎಂದು ಕೂಗುವುದಿದೆಯಲ್ಲ, ಅದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ಸೈಡ್ ಡ್ರಮ್ಮು ಆ ತಗಡಿನಲ್ಲೇ ಇದೆ. ಯಾರಾದರೂ ಹುಡುಗರು ಒಂದು ಸ್ಯಾಕ್ಸೋಫೋನು ಹಿಡಿದುಕೊಂಡು ಬೆಳಗಿನ ಏಳರ ಬಸ್ಸಿನ ಹೊತ್ತಿಗೆ ಅಲ್ಲಿಗೆ ಬರಬೇಕು. ಕಂಡಕ್ಟರ ಹೆಸರನ್ನು ತಟ್ಟೆಯ ಮೇಲೆ ಮೊದಲು ಅಚ್ಚು ಹಾಕಿಸಬೇಕು.