ಕಾಗದನಗರದಲ್ಲಿ ಒಂದು ವಿಜ್ಞಾನ ಪಾಠ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು 20 ಕಿಲೋಮೀಟರ್. ಅಲ್ಲಿನ ಒಂದು ಬಡಾವಣೆಯ ಹೆಸರೇ ಕಾಗದನಗರ! 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆಯ ಜೊತೆ ಬೆಳೆದ ಊರಿದು. ಮಲೆನಾಡಿನ ಬಿದಿರು, ಮರ, ಕಬ್ಬಿನ ಸಿಪ್ಪೆ ಎಲ್ಲವೂ ಇಲ್ಲಿ ಕಾಗದವಾಗುತ್ತಿದ್ದವು. 2015ರ ಹೊತ್ತಿಗೆ ಯಂತ್ರಗಳು ನಿಂತವು. ಈಗ ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳು ಊರಿನ ಹೆಸರನ್ನು ಬಲ್ಲರು, ಕಾಗದ ಹುಟ್ಟುವುದನ್ನು ಕಂಡಿಲ್ಲ.

ಅಲ್ಲಿನ ಶಾಲೆಯೊಂದರಲ್ಲಿ ಐದನೇ ತರಗತಿಯ ಪರಿಸರ ಅಧ್ಯಯನದ ಪಾಠ ನೋಡುವ ಅವಕಾಶ ನನಗೆ ಸಿಕ್ಕಿತು. ಪುಸ್ತಕಗಳು ಮುಚ್ಚಿದ್ದವು. ಎದುರಿಗೆ ಬಕೆಟ್, ಹಳೆಯ ಪತ್ರಿಕೆ, ಸೊಳ್ಳೆಪರದೆ ಬಿಗಿದ ಮರದ ಚೌಕಟ್ಟು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಅಜ್ಜನನ್ನೂ ಟೀಚರ್ ಕರೆಸಿದ್ದರು.

ಹಿಂದಿನ ದಿನ ನೆನೆಹಾಕಿದ್ದ ಕಾಗದದ ಚೂರುಗಳನ್ನು ಮಕ್ಕಳು ಚೆನ್ನಾಗಿ ಕಿವುಚಿದರು. “ಇದಕ್ಕೆ ನಾವು ಪಲ್ಪ್ ಅಂತಿದ್ವಿ” ಎಂದರು ಅಜ್ಜ. ಅದನ್ನು ನೀರಿನಲ್ಲಿ ಕದಡಿ, ಚೌಕಟ್ಟು ಮುಳುಗಿಸಿ ಮೆಲ್ಲಗೆ ಎತ್ತಿದರೆ ನೀರು ಸೋರಿ ತೆಳುವಾದ ಪದರ ಉಳಿಯಿತು. ಬಟ್ಟೆಯ ಮೇಲೆ ಮಗುಚಿ, ಒತ್ತಿ, ಬಿಸಿಲಿಗಿಟ್ಟರು.

“ಗೋಂದು ಹಾಕಲೇ ಇಲ್ಲ, ಹೇಗೆ ಅಂಟುತ್ತೆ ಟೀಚರ್?” ಹುಡುಗನೊಬ್ಬ ಕೇಳಿದ.

ಟೀಚರ್ ಉತ್ತರ ಹೇಳದೆ ಭೂತಗನ್ನಡಿ ಕೊಟ್ಟರು. ಹರಿದ ಕಾಗದದ ಅಂಚಿನಲ್ಲಿ ಕೂದಲಿನಂಥ ನಾರುಗಳು ಕಂಡವು. ನೀರು ಆರಿದಂತೆ ಈ ನಾರುಗಳು ಹತ್ತಿರ ಸರಿದು, ತಾವೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ.

ಆಮೇಲೆ ಅಜ್ಜ ಎಲ್ಲರಿಗೂ ಒಂದೊಂದು ಪತ್ರಿಕೆಯ ಹಾಳೆ ಕೊಟ್ಟರು. “ಮೇಲಿಂದ ಕೆಳಕ್ಕೆ ಹರೀರಿ. ಈಗ ಅಡ್ಡಕ್ಕೆ ಹರೀರಿ.” ಮೊದಲಿನದು ನೆಟ್ಟಗೆ ಹರಿಯಿತು, ಎರಡನೆಯದು ಸೊಟ್ಟಸೊಟ್ಟ! ಯಾಕೆ? ಒಬ್ಬೊಬ್ಬರು ಒಂದೊಂದು ಊಹೆ ಹೇಳಿದರು. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: “ಯಂತ್ರದಲ್ಲಿ ಜಾಲರಿ ಜೋರಾಗಿ ಓಡ್ತದೆ. ನಾರುಗಳು ಹೆಚ್ಚಾಗಿ ಆ ದಿಕ್ಕಿಗೇ ಮಲಗ್ತವೆ. ಆ ದಿಕ್ಕಿಗೆ ಹರಿದ್ರೆ ನೆಟ್ಟಗೆ ಬರ್ತದೆ.”

“ಹಾಗಾದ್ರೆ ನಾವು ಮಾಡಿದ್ದು?” ಎಂದಳು ಒಬ್ಬ ಹುಡುಗಿ. ಹಿಂದಿನ ವಾರ ಮಾಡಿ ಒಣಗಿಸಿದ್ದ ಹಾಳೆಯನ್ನು ಹರಿದು ನೋಡಿದರು. ಎರಡೂ ಕಡೆ ಸೊಟ್ಟ. “ನಮ್ಮದು ಓಡಲೇ ಇಲ್ವಲ್ಲ ಅಜ್ಜ!” ಎಂದು ಅವಳೇ ಉತ್ತರ ಕಂಡುಕೊಂಡಳು. ಅಜ್ಜನ ಮುಖ ಅರಳಿತು.

ಕಾರ್ಖಾನೆ ನಿಂತರೂ ಅಲ್ಲಿ ಕಲಿತ ವಿದ್ಯೆ ಈ ಊರಿನ ಎಷ್ಟೋ ಮನೆಗಳ ಜಗಲಿಯಲ್ಲಿ ಕೂತಿದೆ. ಯಾರಾದರೂ ಕೇಳದಿದ್ದರೆ ಅದು ಅಲ್ಲಿಗೇ ಮುಗಿಯುತ್ತದೆ. ಈ ಶಾಲೆಯ ಮಕ್ಕಳು ಕೇಳಿದ್ದಾರೆ.

ಮಕ್ಕಳೇ, ನೀವೂ ಒಂದು ಪತ್ರಿಕೆಯನ್ನು ಎರಡೂ ಕಡೆಗೆ ಹರಿದು ನೋಡಿ. ಆದರೆ ಮನೆಯ ಅಜ್ಜ-ಅಜ್ಜಿ ಓದಿ ಮುಗಿಸಿದ ಮೇಲೆ!